ಮೊದಲು ಓಟ, ಆಮೇಲೆ ಮೆಟ್ಟಿಲ ಮೇಲೆ ಮಾತು

ಎಂ.ಎ. ಮೊದಲ ವರ್ಷದಲ್ಲಿ ನಾನು ಎರಡು ಪೇಪರ್ ಉಳಿಸಿಕೊಂಡಿದ್ದೆ. ಮನೆಯಲ್ಲಿ ಪಾಸ್ ಅಂತ ಹೇಳಿದ್ದೆ. ಅಪ್ಪ ಸಿರುಗುಪ್ಪ ಕಡೆ ಭತ್ತ ಬೆಳೆಯೋ ಮನುಷ್ಯ. ಮಗ ಪಾಸಾದ ಅಂತ ಖುಷಿಯಲ್ಲಿ ಓಣಿಯವರಿಗೆಲ್ಲ ಒಗ್ಗರಣೆ ಮಿರ್ಚಿ ಕೊಡಿಸಿದ್ದರಂತೆ. ಆ ಮಿರ್ಚಿ ವಿಷಯ ಅವ್ವ ಫೋನಿನಲ್ಲಿ ಹೇಳಿದ ದಿನದಿಂದ ನನಗೆ ರಾತ್ರಿ ನಿದ್ದೆ ಹೋಯಿತು. ಬಳ್ಳಾರಿಯ ಹಾಸ್ಟೆಲಿನ ಫ್ಯಾನು ನೋಡುತ್ತಾ ಮಲಗಿರೋದು, ಬೆಳಿಗ್ಗೆ ಕ್ಲಾಸಿಗೆ ಹೋಗದೆ ಮಧ್ಯಾಹ್ನ ಮಲಗೋದು, ಇದೇ ನನ್ನ ದಿನಚರಿ.

ಆ ವರ್ಷ ನಮ್ಮಲ್ಲಿ ಮಾನಸಿಕ ಆರೋಗ್ಯ ಜಾಗೃತಿ ಅಂತ ಒಂದು ಕಾರ್ಯಕ್ರಮವೂ ನಡೆಯಿತು. ಸೆಮಿನಾರ್ ಹಾಲು, ಹಿಂದೆ ಫ್ಲೆಕ್ಸು, ದೀಪ ಬೆಳಗೋದು, ಶಾಲು, ಹಾರ, ಕೆಳಗೆ ನೂರೈವತ್ತು ಜನ ವಿದ್ಯಾರ್ಥಿಗಳು. ಭಾಷಣ ಮುಗಿಸಿ, ಬಂದಿದ್ದ ಅತಿಥಿಗಳು "ಯಾರಿಗಾದರೂ ಸಮಸ್ಯೆ ಇದ್ದರೆ ಸಂಕೋಚ ಪಡದೆ ಎದ್ದು ನಿಂತು ಹೇಳಿ" ಅಂದರು. ನೂರೈವತ್ತು ಜನರ ಮುಂದೆ! ಒಬ್ಬ ಎದ್ದ. "ಸರ್, ಹಾಸ್ಟೆಲ್‌ನಾಗೆ ಎರಡು ದಿನದಿಂದ ನೀರು ಬಂದಿಲ್ಲ" ಅಂದ. ಎಲ್ಲರೂ ಜೋರು ಚಪ್ಪಾಳೆ ಹೊಡೆದರು. ವಂದನಾರ್ಪಣೆ ಆಯಿತು.

ಇದಾದ ಎರಡು ತಿಂಗಳಿಗೆ ನಮ್ಮ ಸೀನಿಯರ್ ಒಬ್ಬರು, ನಾವೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದವರು, ಒಂದು ಬೆಳಿಗ್ಗೆ ಹೊದಿಕೆ ಎಳೆದು ನನ್ನನ್ನು ಎಬ್ಬಿಸಿ ಗ್ರೌಂಡಿಗೆ ಕರೆದುಕೊಂಡು ಹೋದರು. ಅಲ್ಲಿ ನನ್ನಂಥವರೇ ಏಳು ಜನ, ಜೊತೆಗೆ ಒಬ್ಬ ಮೇಡಂ. ಮನೋರೋಗಿಗಳ ಜೊತೆ ವರ್ಷಗಟ್ಟಲೆ ಸೋಷಿಯಲ್ ವರ್ಕರ್ ಆಗಿ ಕೆಲಸ ಮಾಡಿದವರು. ಇಪ್ಪತ್ತೈದು ನಿಮಿಷ ಓಡೋದು, ಆಮೇಲೆ ಮೆಟ್ಟಿಲ ಮೇಲೆ ಕೂತು ಸುಮಾರು ಒಂದು ಗಂಟೆ ಮಾತಾಡೋದು. ವಾರಕ್ಕೆ ಎರಡು ದಿನ, ಹತ್ತು ವಾರ. ಅಷ್ಟೇ. ಆ "ಅಷ್ಟೇ" ಒಳಗೆ ಏನೇನು ನಡೆಯುತ್ತಿತ್ತು ಅನ್ನೋದು ನನಗೆ ಗೊತ್ತಾಗಿದ್ದು ಎಷ್ಟೋ ಆಮೇಲೆ, ಓದಿ, ಕೇಳಿ. ಈಗ ನಾನು ಅತಿಥಿ ಉಪನ್ಯಾಸಕ, ಇತಿಹಾಸ ಪಾಠ ಮಾಡೋನು. ಡಾಕ್ಟರ್ ಅಲ್ಲ. ಆದರೆ ವರ್ಷಕ್ಕೆ ಎರಡು ಮೂರು ಹುಡುಗರಾದರೂ ನನ್ನ ಹತ್ತಿರ ಬಂದು "ಸರ್, ಯಾಕೋ ಏನೂ ಮಾಡಾಕೆ ಮನಸ್ಸೇ ಬರ್ತಿಲ್ಲ" ಅಂತಾರೆ. ಅವರಿಗೆ ಪ್ರತಿಸಲ ಬಾಯಲ್ಲಿ ಹೇಳೋದನ್ನೇ, ಅಂದರೆ ಓಟ ಮತ್ತು ಗುಂಪು ಚಿಕಿತ್ಸೆ ಎರಡನ್ನೂ ಯಾಕೆ ಸೇರಿಸಬೇಕು ಅನ್ನೋದನ್ನು, ಇಲ್ಲಿ ಬರೆದಿಡುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗುಂಪಿನಲ್ಲಿ ಬೇರೆಯವರು ಹೇಳಿದ್ದನ್ನು ನಾನು ಇಲ್ಲಿ ಬರೆಯಲ್ಲ. ಅದು ಅಲ್ಲಿನ ಮೊದಲ ನಿಯಮ, ಇಷ್ಟು ವರ್ಷ ಆದ ಮೇಲೂ ಅದು ನಿಯಮವೇ. ನನ್ನ ಕಥೆ ಮಾತ್ರ ನನ್ನದು, ಅದನ್ನು ಹೇಳಬಹುದು.

ಗುಂಪು ಚಿಕಿತ್ಸೆ ಅಂದರೇನು

ಗ್ರೂಪ್ ಥೆರಪಿ ಅಂದ ತಕ್ಷಣ ನಮ್ಮ ಕಡೆ ಜನ ಸತ್ಸಂಗ ಅಂದುಕೊಳ್ಳುತ್ತಾರೆ, ಇಲ್ಲ ಕಟ್ಟೆ ಹರಟೆ ಅಂದುಕೊಳ್ಳುತ್ತಾರೆ. ಎರಡೂ ಅಲ್ಲ. ಆರರಿಂದ ಹತ್ತು ಜನ, ತರಬೇತಿ ಪಡೆದ ಒಬ್ಬರು ಅಥವಾ ಇಬ್ಬರು ನಡೆಸುವವರು, ಒಂದೇ ಸಮಯ, ಒಂದೇ ಜಾಗ, ಒಂದರಿಂದ ಒಂದೂವರೆ ಗಂಟೆ. ಕೆಲವು ಗುಂಪುಗಳಲ್ಲಿ ನಡುವೆ ಹೊಸಬರನ್ನು ಸೇರಿಸಲ್ಲ. ಭಾಷಣ ಇಲ್ಲ, ಉಪದೇಶ ಇಲ್ಲ. ಒಬ್ಬರು ಮಾತಾಡುತ್ತಾರೆ, ಉಳಿದವರು ಕೇಳಿ ತಮಗೆ ಏನನ್ನಿಸಿತು ಅಂತ ಹೇಳುತ್ತಾರೆ. ನಡೆಸುವವರ ಕೆಲಸ ಮಾತು ಹಳಿ ತಪ್ಪದಂತೆ ನೋಡೋದು, ಯಾರನ್ನೂ ಯಾರೂ ತುಳಿಯದಂತೆ ನೋಡೋದು, ಸುಮ್ಮನೆ ಕೂತವರ ಮೌನ ಎಂಥದು ಅಂತ ಗುರುತಿಸೋದು.

ಇದರ ಮೂಲ ಹುಡುಕಿದರೆ 1905ಕ್ಕೆ ಹೋಗಬೇಕು. ಅಮೆರಿಕದ ಬೋಸ್ಟನ್‌ನಲ್ಲಿ ಜೋಸೆಫ್ ಪ್ರಾಟ್ ಅನ್ನೋ ಡಾಕ್ಟರು ಬಡ ಕ್ಷಯರೋಗಿಗಳಿಗೆ ಆರೈಕೆ ಹೇಗೆ ಮಾಡಿಕೊಳ್ಳಬೇಕು ಅಂತ ಕಲಿಸೋಕೆ ಅವರನ್ನೆಲ್ಲ ಒಟ್ಟಿಗೆ ಕೂರಿಸಿದರು. ಕಲಿಸೋದು ಒಂದು ಕಡೆ ಇರಲಿ, ತನ್ನ ಹಾಗೇ ಕೆಮ್ಮೋ ಇನ್ನೊಬ್ಬನನ್ನು ನೋಡಿಯೇ ರೋಗಿಗೆ ಧೈರ್ಯ ಬರುತ್ತಿತ್ತು, ಅದು ಅವರ ಕಣ್ಣಿಗೆ ಬಿತ್ತು. ಮುಂದೆ ಎರಡನೇ ಮಹಾಯುದ್ಧದ ಹೊತ್ತಿಗೆ ಮನಸ್ಸು ಕೆಟ್ಟ ಸೈನಿಕರು ಜಾಸ್ತಿ, ಡಾಕ್ಟರುಗಳು ಕಡಿಮೆ ಆದಾಗ ಗುಂಪು ಚಿಕಿತ್ಸೆ ಎಲ್ಲ ಕಡೆ ಹಬ್ಬಿತು. 1970ರಲ್ಲಿ ಅರ್ವಿನ್ ಯಾಲಮ್ ಅನ್ನೋ ಮನೋವೈದ್ಯರು ಇದು ಯಾಕೆ ಕೆಲಸ ಮಾಡುತ್ತೆ ಅಂತ ಕಾರಣಗಳನ್ನು ಬಿಡಿಸಿಟ್ಟರು. ಅವರು ಹೇಳಿದ್ದರಲ್ಲಿ ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ದೊಡ್ಡದು ಅಂತ ನನಗೆ ಅನ್ನಿಸೋದು ಒಂದೇ: "ನನಗೊಬ್ಬನಿಗೇ ಹೀಗೆ" ಅನ್ನೋ ಗಂಟು ಬಿಚ್ಚೋದು.

ಹೊರಗಿನಿಂದ ನೋಡಿದರೆ ಇದು ಸಣ್ಣದು. ಒಳಗಿದ್ದವನಿಗೆ ಅಲ್ಲ. ಹಾಸ್ಟೆಲಿನಲ್ಲಿ ಎಲ್ಲರೂ ನಗುತ್ತಿರುತ್ತಾರೆ, ರೀಲ್ಸ್ ಮಾಡುತ್ತಿರುತ್ತಾರೆ, ಕೆಎಎಸ್‌ಗೆ ಓದುತ್ತಿರುತ್ತಾರೆ. ನೀವೊಬ್ಬರೇ ಕೊಳೆಯುತ್ತಿದ್ದೀರಿ ಅನ್ನಿಸುತ್ತೆ. ನಾನು ನಾಲ್ಕನೇ ವಾರ ಮೆಟ್ಟಿಲ ಮೇಲೆ ಕೂತು, ನೀರಿನ ಬಾಟಲಿ ಮುಚ್ಚಳ ತಿರುವುತ್ತಾ, "ನಾನು ಮನೆಗೆ ಸುಳ್ಳು ಹೇಳಿದೀನಿ, ಎರಡು ಪೇಪರ್ ಹೋಗಿದಾವೆ" ಅಂದೆ. ಎದುರಿಗೆ ಕೂತಿದ್ದವನು ತಲೆ ಎತ್ತಿ ನನ್ನನ್ನೇ ನೋಡಿದ. ಅವನು ಏನಂದ ಅಂತ ಹೇಳಲ್ಲ. ಅವನ ಮುಖ ಮಾತ್ರ ಇವತ್ತಿಗೂ ನೆನಪಿದೆ. ಕಳೆದುಹೋದ ಎಮ್ಮೆ ಊರ ಹೊರಗೆ ಸಿಕ್ಕಿದಾಗ ರೈತನ ಮುಖ ಇರುತ್ತಲ್ಲ, ಹಾಗಿತ್ತು.

ಆದರೆ ಗುಂಪು ಚಿಕಿತ್ಸೆಗೆ ಒಂದು ದೊಡ್ಡ ತೊಡಕಿದೆ. ಬಾಯಿ ಬಿಡೋದು. ಕುರ್ಚಿ ಹಾಕಿ ಸುತ್ತ ಕೂರಿಸಿ "ಹೇಳಪ್ಪ" ಅಂದರೆ ಇಪ್ಪತ್ತು ವರ್ಷದ ಹುಡುಗ ಏನು ಹೇಳ್ತಾನೆ? ನಲ್ಲಿ ನೀರಿನ ಸಮಸ್ಯೆ ಹೇಳ್ತಾನೆ. ಓಟ ಬರೋದೇ ಇಲ್ಲಿ.

ಓಟ ಮನಸ್ಸಿಗೆ ಮಾಡೋದೇನು

ಓಡಿದರೆ ಎಂಡಾರ್ಫಿನ್ (ನೋವು ಮರೆಸೋಕೆ ದೇಹವೇ ತಯಾರಿಸೋ ರಾಸಾಯನಿಕ) ಬರುತ್ತೆ, ಖುಷಿ ಆಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ವಾಟ್ಸಾಪ್ ವಿಜ್ಞಾನ. ಎಂಡಾರ್ಫಿನ್ ರಕ್ತದಲ್ಲಿ ಏರೋದು ನಿಜ, ಆದರೆ ಅದು ದೊಡ್ಡ ಅಣು, ರಕ್ತದಿಂದ ಮಿದುಳಿನೊಳಗೆ ಸುಲಭವಾಗಿ ದಾಟಲ್ಲ. ಎಂಡಾರ್ಫಿನ್ ಕೆಲಸ ಮಾಡದಂತೆ ಮಾತ್ರೆ ಕೊಟ್ಟು ಜನರನ್ನು ಓಡಿಸಿ ನೋಡಿದ್ದಾರೆ. ಆಗಲೂ ಓಡಿದವರಿಗೆ ಹಿತ ಅನ್ನಿಸಿತು. ಹಾಗಾಗಿ ಈಗ ಸಂಶೋಧಕರ ಕಣ್ಣು ಇನ್ನೊಂದು ರಾಸಾಯನಿಕದ ಮೇಲಿದೆ. ನಮ್ಮ ದೇಹವೇ ತಯಾರಿಸೋ, ಗಾಂಜಾದ ಅಂಶ ಹೋಗಿ ಕೂರುವ ಜಾಗಗಳಲ್ಲೇ ಹೋಗಿ ಕೂರುವ ವಸ್ತು ಅದು. 1992ರಲ್ಲಿ ಜೆರುಸಲೇಮಿನಲ್ಲಿ ಅದನ್ನು ಕಂಡುಹಿಡಿದವರು ಇಟ್ಟ ಹೆಸರು ಏನು ಗೊತ್ತಾ? ಆನಂದಮೈಡ್. ನಮ್ಮ ಆನಂದವೇ. ಸಂಸ್ಕೃತದಿಂದ ಎತ್ತಿಕೊಂಡದ್ದು.

ಆದರೆ ನನ್ನ ಪ್ರಕಾರ ರಾಸಾಯನಿಕದ ಕಥೆಗಿಂತ ಮುಖ್ಯವಾದದ್ದು ಬೇರೆ ಇದೆ. ಖಿನ್ನತೆಯಲ್ಲಿ ಇರೋರು "ಮನಸ್ಸು ಬಂದಾಗ ಮಾಡೋಣ" ಅಂತ ಕಾಯುತ್ತಾರೆ. ಮನಸ್ಸು ಬರಲ್ಲ, ಕೆಲಸ ಆಗಲ್ಲ, ಕೆಲಸ ಆಗಿಲ್ಲ ಅಂತ ಮನಸ್ಸು ಇನ್ನೂ ಕುಗ್ಗುತ್ತೆ. ಮನಶ್ಶಾಸ್ತ್ರದವರು ಇದನ್ನು ತಿರುವಿ ಹಾಕುತ್ತಾರೆ: ಮನಸ್ಸು ಬರೋತನಕ ಕಾಯಬೇಡ, ಮೊದಲು ಕಾಲು ಎತ್ತಿಡು, ಮನಸ್ಸು ಹಿಂದಿನಿಂದ ಬರುತ್ತೆ. ಇದಕ್ಕೆ ಅವರ ಭಾಷೆಯಲ್ಲಿ ಬಿಹೇವಿಯರಲ್ ಆಕ್ಟಿವೇಶನ್ ಅಂತ ಹೆಸರು. ಓಟ ಇದಕ್ಕೆ ಹೇಳಿ ಮಾಡಿಸಿದ್ದು, ಯಾಕಂದರೆ ಅದರಲ್ಲಿ ಮೋಸ ಮಾಡೋಕಾಗಲ್ಲ. ಒಂದು ರೌಂಡು ಓಡಿದೆ ಅಂದರೆ ಓಡಿದೆ. ಇಡೀ ದಿನ ಏನೂ ಆಗದಿದ್ದರೂ ಅದೊಂದು ಆಗಿರುತ್ತೆ.

ಇನ್ನೊಂದು, ಗಾಬರಿ ಇರೋರಿಗೆ. ಪರೀಕ್ಷೆ ಹಾಲಿನಲ್ಲಿ ಎದೆ ಡಬಡಬ ಅನ್ನೋದು, ಉಸಿರು ಸಿಗದಂತೆ ಆಗೋದು, "ಹಾರ್ಟ್ ಅಟ್ಯಾಕೇ ಆಯ್ತು" ಅಂತ ಹೆದರೋದು. ಆ ಹೆದರಿಕೆಯಿಂದ ಎದೆ ಇನ್ನೂ ಜೋರಾಗಿ ಹೊಡೆಯುತ್ತೆ. ಓಡುವಾಗಲೂ ಎದೆ ಹಾಗೇ ಹೊಡೆಯುತ್ತೆ, ಉಸಿರೂ ಹಾಗೇ ಏರುತ್ತೆ, ಆದರೆ ಏನೂ ಆಗಲ್ಲ, ಹತ್ತು ನಿಮಿಷಕ್ಕೆ ಇಳಿಯುತ್ತೆ. ಹೀಗೆ ಇಪ್ಪತ್ತು ಸಲ ಆದ ಮೇಲೆ ದೇಹಕ್ಕೆ ಒಂದು ಪಾಠ ಆಗುತ್ತೆ: ಎದೆ ಹೊಡೆದುಕೊಂಡ ಮಾತ್ರಕ್ಕೆ ಸಾಯಲ್ಲ. ಈ ಪಾಠ ಬಾಯಲ್ಲಿ ಎಷ್ಟು ಹೇಳಿದರೂ ಇಳಿಯಲ್ಲ, ಕಾಲಿನಿಂದಲೇ ಇಳಿಯಬೇಕು.

ಪುರಾವೆ ಏನಿದೆ ಅಂತ ಕೇಳಬಹುದು. ಇದೆ, ಸಾಕಷ್ಟಿದೆ. 1970ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಥಡ್ಡಿಯಸ್ ಕೊಸ್ಟ್ರುಬಾಲಾ ಅನ್ನೋ ಮನೋವೈದ್ಯರು ತಮ್ಮ ರೋಗಿಗಳ ಜೊತೆ ತಾವೇ ಓಡಿ, ಆಮೇಲೆ ಗುಂಪಾಗಿ ಕೂತು ಮಾತಾಡಿಸೋದು ಶುರು ಮಾಡಿದರು. ಡಾಕ್ಟರೂ ಬೆವರಿದ್ದಾರೆ, ರೋಗಿಯೂ ಬೆವರಿದ್ದಾನೆ, ನಡುವೆ ಮೇಜಿಲ್ಲ. 1979ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜಾನ್ ಗ್ರೈಸ್ಟ್ ಮತ್ತು ಜೊತೆಗಾರರು ಖಿನ್ನತೆಯ 28 ಜನರನ್ನು ಭಾಗ ಮಾಡಿ ಕೆಲವರಿಗೆ ಓಟ, ಕೆಲವರಿಗೆ ಮಾತಿನ ಚಿಕಿತ್ಸೆ ಕೊಟ್ಟು ನೋಡಿದರು. ಓಟದವರು ಮಾತಿನವರಿಗಿಂತ ಹಿಂದೆ ಬೀಳಲಿಲ್ಲ. 28 ಜನ ಅಂದರೆ ಏನೇನೂ ಅಲ್ಲ, ಆದರೆ ದಾರಿ ತೆರೆಯಿತು. 1999ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಖಿನ್ನತೆ ಇದ್ದ, 50 ದಾಟಿದ 156 ಜನರ ಮೇಲೆ 16 ವಾರ ಪ್ರಯೋಗ ಮಾಡಿದಾಗ ವ್ಯಾಯಾಮ ಮಾಡಿದವರು, ಮಾತ್ರೆ ತಗೊಂಡವರು, ಎರಡೂ ಮಾಡಿದವರು, ಮೂರೂ ಗುಂಪು ಕೊನೆಗೆ ಹತ್ತಿರ ಹತ್ತಿರವೇ ಬಂದು ನಿಂತವು. 2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆ 218 ಪ್ರಯೋಗಗಳನ್ನು, 14 ಸಾವಿರಕ್ಕೂ ಹೆಚ್ಚು ಜನರನ್ನು ಒಟ್ಟಿಗೆ ಇಟ್ಟು ನೋಡಿತು. ನಡಿಗೆ-ಜಾಗಿಂಗ್, ಯೋಗ, ತೂಕ ಎತ್ತುವ ವ್ಯಾಯಾಮ ಚೆನ್ನಾಗಿ ಕೆಲಸ ಮಾಡಿದವುಗಳ ಸಾಲಿನಲ್ಲಿದ್ದವು.

ಹಾಗಂತ ಹಾರಾಡಬೇಡಿ. ಮಾತ್ರೆಯ ಪ್ರಯೋಗದಲ್ಲಿ ಕೆಲವರಿಗೆ ಸಕ್ಕರೆ ಗುಳಿಗೆ ಕೊಟ್ಟು ಮೋಸ ಮಾಡಬಹುದು, ಓಟದಲ್ಲಿ ಅದಾಗಲ್ಲ. ತಾನು ಓಡುತ್ತಿದ್ದೇನೋ ಇಲ್ಲವೋ ಎಲ್ಲರಿಗೂ ಗೊತ್ತಿರುತ್ತೆ. ಹಾಗಾಗಿ ಎಷ್ಟು ಓಟದ ಫಲ, ಎಷ್ಟು "ನನಗೂ ಯಾರೋ ಗಮನ ಕೊಡ್ತಿದ್ದಾರೆ" ಅನ್ನೋದರ ಫಲ ಅಂತ ಬೇರ್ಪಡಿಸೋದು ಕಷ್ಟ. ಡ್ಯೂಕಿನವರೇ 2007ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ಗುಂಪಿನಲ್ಲಿ ವ್ಯಾಯಾಮ ಮಾಡಿದವರಲ್ಲಿ ಶೇ. 45, ಮನೆಯಲ್ಲೇ ಮಾಡಿದವರಲ್ಲಿ ಶೇ. 40, ಮಾತ್ರೆಯವರಲ್ಲಿ ಶೇ. 47 ಜನ ಖಿನ್ನತೆಯಿಂದ ಹೊರಬಂದರು. ಸುಳ್ಳು ಗುಳಿಗೆಯವರಲ್ಲೂ ಶೇ. 31! ಓಟ ಮತ್ತು ಗುಂಪು ಮಾತು ಎರಡನ್ನೂ ಸೇರಿಸಿ ಕಟ್ಟಿದ ಪ್ರಯೋಗಗಳಂತೂ ಕಡಿಮೆ, ಇರುವವೂ ಸಣ್ಣವು. ಇದು ಸಂಜೀವಿನಿ ಅಂತ ಯಾರಾದರೂ ಮಾರೋಕೆ ಬಂದರೆ ನಂಬಬೇಡಿ.

ಮತ್ತೆ ಎರಡನ್ನೂ ಯಾಕೆ ಸೇರಿಸಬೇಕು

ನನಗೆ ಇಡೀ ವಿಷಯದ ಕೀಲಿ ಅನ್ನಿಸೋದು 2023ರ ಆಮ್‌ಸ್ಟರ್‌ಡ್ಯಾಮಿನ ಒಂದು ಅಧ್ಯಯನ. ಖಿನ್ನತೆ, ಆತಂಕ ಇದ್ದ 141 ಜನರಿಗೆ ಮಾತ್ರೆ ಬೇಕಾ, ಓಟ ಬೇಕಾ ಅಂತ ಕೇಳಿದರು. ಹೆಚ್ಚಿನವರು ತಾವೇ ಆರಿಸಿಕೊಂಡರು, ಆಯ್ಕೆ ಇಲ್ಲದ ಕೆಲವರನ್ನು ಚೀಟಿ ಎತ್ತಿದ ಹಾಗೆ ಹಂಚಿದರು. ಒಟ್ಟು 45 ಜನ ಮಾತ್ರೆಯ ಕಡೆ, 96 ಜನ ಓಟದ ಕಡೆ. 16 ವಾರ ಆದ ಮೇಲೆ ಎರಡೂ ಕಡೆ ಸುಮಾರು ಶೇ. 44 ಜನ ಸುಧಾರಿಸಿದ್ದರು. ಓಟದವರ ತೂಕ, ಬಿಪಿ, ಹೃದಯದ ಸ್ಥಿತಿ ಕೂಡ ಚೆನ್ನಾಗಾಗಿತ್ತು. ಇಷ್ಟನ್ನು ಎಲ್ಲ ಪೇಪರಿನವರೂ ಬರೆದರು. ಬರೆಯದೇ ಬಿಟ್ಟಿದ್ದು, ಬರೆದರೂ ಕೊನೆಗೆ ತಳ್ಳಿದ್ದು ಇದು: ಮಾತ್ರೆಯವರಲ್ಲಿ ಶೇ. 82 ಜನ ಹೇಳಿದಂತೆ ತಗೊಂಡರು, ಓಟದವರಲ್ಲಿ ಹೇಳಿದಷ್ಟು ಓಡಿದ್ದು ಶೇ. 52 ಜನ ಮಾತ್ರ. ಹೆಚ್ಚಿನವರು ತಾವೇ ಆಸೆಪಟ್ಟು ಆರಿಸಿಕೊಂಡಿದ್ದರೂ ಹತ್ತಿರ ಹತ್ತಿರ ಅರ್ಧ ಜನ ಜಾರಿಕೊಂಡರು.

ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ಮನಸ್ಸು ಬಿದ್ದವನಿಗೆ ಹಾಸಿಗೆ ಬಿಟ್ಟೇಳೋದೇ ಹಂಪಿಯ ಮಾತಂಗ ಬೆಟ್ಟ ಹತ್ತಿದ ಹಾಗೆ. ಅವನಿಗೆ "ಓಡಪ್ಪ, ಒಳ್ಳೇದಾಗುತ್ತೆ" ಅನ್ನೋದು, ಜ್ವರ ಬಂದವನಿಗೆ ಹೊಲ ಊಳೋಕೆ ಹೇಳಿದ ಹಾಗೆ.

ಅಂದರೆ ಓಟದ ದೌರ್ಬಲ್ಯ ಬಿಟ್ಟುಬಿಡೋದು. ಗುಂಪು ಮಾತಿನ ದೌರ್ಬಲ್ಯ ಬಾಯಿ ಬಿಡದೇ ಇರೋದು. ಎರಡನ್ನೂ ಒಂದೇ ಬೆಳಿಗ್ಗೆಗೆ ಸೇರಿಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತೆ. ನಾನು ಐದೂವರೆಗೆ ಏಳುತ್ತಿದ್ದದ್ದು ನನ್ನ ಆರೋಗ್ಯಕ್ಕಲ್ಲ, ನಾನು ಹೋಗದಿದ್ದರೆ ಏಳು ಜನ ಗೇಟಿನ ಹತ್ತಿರ ಕಾಯುತ್ತಾರಲ್ಲ ಅಂತ. ಒಂದು ದಿನ ಹೋಗಲಿಲ್ಲ, ಸಂಜೆ ಒಬ್ಬ ರೂಮಿಗೆ ಬಂದು "ಯಾಕೋ, ಬರಲಿಲ್ಲ?" ಅಂದ. ಅಷ್ಟೇ ಅಂದ. ಆರು ತಿಂಗಳಲ್ಲಿ ನಾನು ಎಲ್ಲಿಗಾದರೂ ಹೋಗಲಿಲ್ಲ ಅಂತ ಯಾರಾದರೂ ಗಮನಿಸಿದ್ದು ಅದೇ ಮೊದಲು.

ಇನ್ನು ಮಾತು. ಎದುರುಬದುರು ಕೂತು ಕಣ್ಣು ನೋಡುತ್ತಾ ಹೇಳಲಾಗದ್ದನ್ನು ನಾವು ಪಕ್ಕಪಕ್ಕ ಹೋಗುತ್ತಾ ಹೇಳುತ್ತೇವೆ. ಬೈಕಿನ ಹಿಂದೆ ಕೂತಾಗ ಗೆಳೆಯನಿಗೆ ಎಂತೆಂಥ ಗುಟ್ಟು ಹೇಳ್ತೀವಿ ನೆನಪು ಮಾಡಿಕೊಳ್ಳಿ, ಅಲ್ವಾ? ಓಟದಲ್ಲೂ ಹಾಗೆ. ಕಣ್ಣು ದಾರಿ ಮೇಲೆ, ನಡುವೆ ಮೌನ ಬಂದರೂ ಮುಜುಗರ ಇಲ್ಲ, ಯಾಕಂದರೆ ಇಬ್ಬರೂ ಏದುಸಿರು ಬಿಡುತ್ತಿರುತ್ತೀರಿ. ಮೇಡಂ ನಮ್ಮನ್ನು ಇಬ್ಬಿಬ್ಬರಾಗಿ ಜೋಡಿ ಮಾಡಿ ಬಿಡುತ್ತಿದ್ದರು, ಪ್ರತಿ ಸಲ ಬೇರೆ ಜೋಡಿ. ಮೆಟ್ಟಿಲಿಗೆ ಬರೋ ಹೊತ್ತಿಗೆ ಅರ್ಧ ಮಾತು ಆಗಲೇ ಹೊರಗೆ ಬಂದಿರುತ್ತಿತ್ತು, ಉಳಿದರ್ಧ ಹೇಳೋದು ಅಷ್ಟು ಭಾರ ಅನ್ನಿಸುತ್ತಿರಲಿಲ್ಲ.

ಒಟ್ಟಿಗೆ ಮೈ ದಣಿಸೋದರಲ್ಲೇ ಏನೋ ಇದೆ. ಆಕ್ಸ್‌ಫರ್ಡಿನಲ್ಲಿ ದೋಣಿ ಸ್ಪರ್ಧೆಯ 12 ಹುಡುಗರ ಮೇಲೆ ಒಂದು ಪ್ರಯೋಗ ಮಾಡಿದ್ದರು. ಒಬ್ಬೊಬ್ಬರೇ ಹುಟ್ಟು ಹಾಕುವ ಯಂತ್ರದ ಮೇಲೆ 45 ನಿಮಿಷ, ಇನ್ನೊಂದು ದಿನ ಅದೇ 45 ನಿಮಿಷ ತಂಡವಾಗಿ ಒಂದೇ ಲಯದಲ್ಲಿ. ದಣಿವು ಅಷ್ಟೇ, ಆದರೆ ಒಟ್ಟಿಗೆ ಮಾಡಿದ ದಿನ ನೋವು ತಾಳುವ ಶಕ್ತಿ ಜಾಸ್ತಿ ಇತ್ತು. ಇದನ್ನು ತಿಳಿಯೋಕೆ ನಮಗೆ ಆಕ್ಸ್‌ಫರ್ಡ್ ಬೇಕಿಲ್ಲ ಬಿಡಿ. ಭತ್ತದ ನಾಟಿಗೆ ಇಳಿದ ಹೆಂಗಸರು ಸಾಲಾಗಿ ಹಾಡು ಹೇಳುತ್ತಾ ಹಿಂದೆ ಹಿಂದೆ ಸರಿಯೋದನ್ನು ನೋಡಿದವರಿಗೆ ಗೊತ್ತು.

ಒಂದು ಬೆಳಿಗ್ಗೆ ಹೇಗಿರುತ್ತೆ

ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳು ಪಾರಾ ನಲವತ್ತು ದಾಟುತ್ತೆ. ಏಳು ಗಂಟೆಗೇ ಬಿಸಿಲು ಬೆನ್ನಿಗೆ ಅಂಟುತ್ತೆ. ಗುಡ್ಡದ ಕಲ್ಲು ರಾತ್ರಿಯೆಲ್ಲ ಬಿಸಿ ಬಿಡುತ್ತಾ ಇರುತ್ತೆ. ಹಾಗಾಗಿ ಐದೂವರೆಗೆ ಸೇರಿ, ಆರೂಕಾಲಿಗೆ ಓಟ ಮುಗಿಸಬೇಕು. ಅದಿರಿನ ಲಾರಿ ಓಡಾಡೋ ರಸ್ತೆ ಬೇಡ, ಧೂಳು ಎದೆಗೆ ಹೋಗುತ್ತೆ. ಮಣ್ಣಿನ ಗ್ರೌಂಡೇ ಒಳ್ಳೇದು, ಮೊಣಕಾಲಿಗೂ ಹಿತ.

ಬಂದ ಕೂಡಲೇ ಮೇಡಂ ಒಂದೇ ಪ್ರಶ್ನೆ ಕೇಳುತ್ತಿದ್ದರು: ಸೊನ್ನೆಯಿಂದ ಹತ್ತರೊಳಗೆ ಇವತ್ತು ಎಷ್ಟು? ಕಾರಣ ಹೇಳಬೇಕಿಲ್ಲ, ನಂಬರ್ ಸಾಕು. "ಮೂರು." "ಐದು." "ಎರಡೂವರೆ ಮೇಡಂ." ಓಡಿ ಬಂದ ಮೇಲೆ ಮತ್ತೆ ಅದೇ ಪ್ರಶ್ನೆ. ಮೂರು ನಾಲ್ಕಾಗಿರುತ್ತಿತ್ತು, ಕೆಲವು ಸಲ ಮೂರು ಮೂರೇ. ಮೂರೇ ಇದ್ದದ್ದನ್ನು ಮೂರು ಅಂತಲೇ ಹೇಳಬಹುದು ಅನ್ನೋದು ನನಗೆ ದೊಡ್ಡ ಸಮಾಧಾನ ಆಗಿತ್ತು.

ಓಟ ಅಂದರೆ ಪೊಲೀಸ್ ಭರ್ತಿಯ ಓಟ ಅಲ್ಲ. ಮೊದಲ ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೇ ಏಳೆಂಟು ಸಲ. ವಾರ ಕಳೆದಂತೆ ಓಟದ ನಿಮಿಷ ಏರಿಸೋದು, ನಡಿಗೆ ಇಳಿಸೋದು. ವೇಗಕ್ಕೆ ಒಂದೇ ಅಳತೆ: ಪಕ್ಕದವನ ಜೊತೆ ಪೂರ್ತಿ ವಾಕ್ಯ ಮಾತಾಡೋಕೆ ಆಗಬೇಕು. ಒಂದೊಂದೇ ಪದ ಬರ್ತಿದ್ದರೆ ವೇಗ ಜಾಸ್ತಿ ಆಯ್ತು, ನಿಧಾನ ಮಾಡು. ಗುಂಪಿನಲ್ಲಿ ನಿಧಾನಕ್ಕೆ ಓಡುವವನ ವೇಗವೇ ಎಲ್ಲರ ವೇಗ. ಇದು ಮುಖ್ಯ. ನಮ್ಮಲ್ಲಿ ಒಬ್ಬ ಕಬಡ್ಡಿ ಆಡುವವನಿದ್ದ, ಮೊದಲ ದಿನ ಎಲ್ಲರನ್ನೂ ಹಿಂದೆ ಹಾಕಿ ಹೋದ. ಮೇಡಂ ಬೈಯಲಿಲ್ಲ, "ನೀನು ಇವತ್ತು ಯಾರ ಜೊತೆ ಓಡಿದೆ?" ಅಂತ ಕೇಳಿದರು. ಮುಂದಿನ ಸಲದಿಂದ ಅವನು ಕೊನೆಯವನ ಪಕ್ಕ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಹದವಾದ ವ್ಯಾಯಾಮ ಅಂತ ಹೇಳುತ್ತೆ. ನಮ್ಮ ಎರಡು ದಿನದ ಓಟ ಅದರ ಹತ್ತಿರವೂ ಬರುತ್ತಿರಲಿಲ್ಲ. ಉಳಿದ ದಿನ ನಾವು ನಾವೇ ನಡೆಯೋಕೆ ಹೋಗೋದು ತಾನಾಗಿ ಶುರುವಾಯಿತು.

ಆಮೇಲೆ ಮೆಟ್ಟಿಲು. ಐದು ನಿಮಿಷ ಸುಮ್ನೆ ಕೂರೋದು, ನೀರು ಕುಡಿಯೋದು, ಬೆವರು ಆರೋದು. ಮಾತು ಸಾಮಾನ್ಯವಾಗಿ ಓಟದಿಂದಲೇ ಶುರು: ಯಾವ ರೌಂಡಿನಲ್ಲಿ ಬಿಟ್ಟು ಹೋಗೋಣ ಅನ್ನಿಸಿತು, ಆಗ ತಲೆಯಲ್ಲಿ ಏನು ಮಾತು ಬಂತು? "ನನ್ನ ಕೈಲಿ ಆಗಲ್ಲ ಅನ್ನಿಸ್ತು." ಆ ಮಾತು ಬೇರೆ ಎಲ್ಲೆಲ್ಲಿ ಬರುತ್ತೆ? ಸುಮ್ಮನೆ ಕೇಳಿದ ಪ್ರಶ್ನೆ ಅನ್ನಿಸುತ್ತೆ, ಆದರೆ ಮೂರನೇ ರೌಂಡಿನಲ್ಲಿ ಬಂದ ಆ ಸಾಲು ಪರೀಕ್ಷೆ ಹಾಲಿನಲ್ಲೂ, ಅಪ್ಪನ ಫೋನು ಬಂದಾಗಲೂ ಬರೋ ಅದೇ ಸಾಲು ಅಂತ ಗೊತ್ತಾಗೋ ಹೊತ್ತಿಗೆ ಮೇಡಂ ಬಾಯಿ ಮುಚ್ಚಿಕೊಂಡು ನಿಮ್ಮನ್ನೇ ನೋಡುತ್ತಿರುತ್ತಾರೆ. ಮತ್ತೆ ಇನ್ನೊಂದು ಪ್ರಶ್ನೆ: ಬಿಡೋಣ ಅನ್ನಿಸಿಯೂ ಬಿಡಲಿಲ್ಲವಲ್ಲ, ಏನು ಮಾಡಿದೆ?

ಆರನೇ ವಾರ ನಾನು ಅಪ್ಪನಿಗೆ ಫೋನ್ ಮಾಡಿ ನಿಜ ಹೇಳಿದೆ. ಏನು ಹೇಳಬೇಕು ಅಂತ ಹಿಂದಿನ ದಿನ ಗುಂಪಿನಲ್ಲಿ ಹೇಳಿ ಅಭ್ಯಾಸ ಮಾಡಿದ್ದೆ. ಒಬ್ಬ ಅಪ್ಪನಾಗಿ ನನ್ನನ್ನು ಬೈದಿದ್ದ ಕೂಡ. ನಿಜವಾದ ಅಪ್ಪ ಬೈಯಲಿಲ್ಲ. ತುಂಬಾ ಹೊತ್ತು ಸುಮ್ಮನಿದ್ದು "ಮಿರ್ಚಿ ರೊಕ್ಕ ವಾಪಸ್ ಕೊಡು ಮಗನೇ" ಅಂದರು.

ಹೆಣ್ಣುಮಕ್ಕಳು, ಬಿಸಿಲು, ಮಾತ್ರೆ

ನಮ್ಮ ಗುಂಪಿನಲ್ಲಿ ಹುಡುಗಿಯರು ಇರಲಿಲ್ಲ, ಕಾರಣ ಸರಳ: ಲೇಡೀಸ್ ಹಾಸ್ಟೆಲ್ ಗೇಟು ಆರಕ್ಕೆ ತೆಗೆಯುತ್ತಿದ್ದದ್ದು. ಕತ್ತಲಲ್ಲಿ ಗ್ರೌಂಡಿಗೆ ಬಾ ಅಂತ ಕರೆಯೋದೂ ಸರಿಯಲ್ಲ. ಈಗ ನನ್ನ ಪರಿಚಯದ ಕೆಲವು ಕಡೆ ಹಾಸ್ಟೆಲ್ ಆವರಣದ ಒಳಗೇ ಹುಡುಗಿಯರ ಬೇರೆ ಗುಂಪು ಮಾಡುತ್ತಾರೆ, ಅದು ಒಳ್ಳೇದು. ಅವರ ವಿಷಯದಲ್ಲಿ ಇನ್ನೊಂದು ನೋಡಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತಹೀನತೆ ಇದೆ. ಎರಡು ರೌಂಡಿಗೇ ಸುಸ್ತಾಗೋ ಹುಡುಗಿಗೆ ಮನಸ್ಸಿಲ್ಲ ಅಂತ ಅನ್ನೋ ಮುಂಚೆ ಹಿಮೋಗ್ಲೋಬಿನ್ ಒಂದು ಸಲ ಚೆಕ್ ಮಾಡಿಸಿ.

ಮಾನಸಿಕ ಕಾಯಿಲೆಗೆ ಮಾತ್ರೆ ತಗೊಳ್ತಾ ಇರೋರು ಓಡೋಕೆ ಶುರು ಮಾಡಿದೆ ಅಂತ ಮಾತ್ರೆ ಬಿಡಬಾರದು. ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಲಿಥಿಯಂ (ಮನಸ್ಸಿನ ವಿಪರೀತ ಏರಿಳಿತ ತಡೆಯೋ ಔಷಧ) ತಗೊಳ್ಳೋರು ಬಳ್ಳಾರಿ ಬಿಸಿಲಲ್ಲಿ ನೀರು ಕುಡಿಯದೆ ಬೆವರಿದರೆ ರಕ್ತದಲ್ಲಿ ಔಷಧದ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು. ಇನ್ನು ಕೆಲವು ಮಾತ್ರೆಗಳು ದೇಹ ತಂಪಾಗೋ ಶಕ್ತಿಯನ್ನೇ ಕುಗ್ಗಿಸುತ್ತವೆ. ಡಾಕ್ಟರಿಗೆ ಹೇಳಿಯೇ ಶುರು ಮಾಡಿ. ಹೃದಯದ ತೊಂದರೆ, ಓಡುವಾಗ ಎದೆನೋವು, ತಲೆಸುತ್ತು ಇದ್ದರೂ ಹಾಗೆ. ಊಟ ಬಿಟ್ಟು ತೂಕ ಇಳಿಸೋ ಗೀಳು ಇರೋರಿಗೆ ಓಟವೇ ಇನ್ನೊಂದು ಗೀಳಾಗಬಹುದು, ಅವರಿಗೆ ಇದು ಬೇಡ.

ಸಾಯಬೇಕು ಅನ್ನೋ ಯೋಚನೆ ಬರ್ತಿದ್ದರೆ ಅವರಿಗೆ ಮೊದಲು ಬೇಕಾದ್ದು ಮನೋವೈದ್ಯರು, ಗ್ರೌಂಡು ಆಮೇಲೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಒಂದೇ ವರ್ಷ, 2022ರಲ್ಲಿ, ದೇಶದಲ್ಲಿ 13 ಸಾವಿರಕ್ಕೂ ಜಾಸ್ತಿ ವಿದ್ಯಾರ್ಥಿಗಳು ಜೀವ ಕಳೆದುಕೊಂಡರು ಅಂತ ಸರ್ಕಾರದ ಲೆಕ್ಕವೇ ಹೇಳುತ್ತೆ.

ನಡೆಸೋರು ಯಾರು

ಇದಕ್ಕೆ ದೊಡ್ಡ ದುಡ್ಡು ಬೇಡ, ಶೂ ಕೂಡ ದುಬಾರಿದು ಬೇಡ, ಹಿಮ್ಮಡಿ ಸವೆಯದ ಜೋಡಿ ಸಾಕು. ಬೇಕಾಗಿರೋದು ಗುಂಪು ನಡೆಸೋಕೆ ಕಲಿತ ಒಬ್ಬರು. ಪಿ.ಟಿ. ಮಾಸ್ಟರ್ ಓಡಿಸಬಹುದು, ಆದರೆ ಮೆಟ್ಟಿಲ ಮೇಲೆ ಒಬ್ಬ ಹುಡುಗ ಅಳೋಕೆ ಶುರು ಮಾಡಿದಾಗ ಏನು ಮಾಡಬೇಕು ಅನ್ನೋದು ಬೇರೆ ವಿದ್ಯೆ. ತರಬೇತಿ ಇಲ್ಲದವರು ನಡೆಸಿದರೆ ಒಬ್ಬನ ಗುಟ್ಟು ಸಂಜೆಗೆ ಇಡೀ ಹಾಸ್ಟೆಲಿಗೆ ಗೊತ್ತಾಗಿರುತ್ತೆ, ಆಮೇಲೆ ಅವನು ಜನ್ಮದಲ್ಲಿ ಬಾಯಿ ಬಿಡಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳು ಇರೋ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರು ಇರಲೇಬೇಕು ಅಂತ ಹೇಳಿದೆ. ನಿಮ್ಮ ಕಾಲೇಜಿನಲ್ಲಿ ಇದ್ದಾರಾ ಅಂತ ಕೇಳೋದು ತಪ್ಪಲ್ಲ.

ಬಳ್ಳಾರಿಯವರು ಇದನ್ನು ಕೇಳೋಕೆ ಇನ್ನೂ ಜಾಸ್ತಿ ಹಕ್ಕಿರುವವರು, ಯಾಕಂತೀರಾ? 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಇದೇ ಜಿಲ್ಲೆಯಲ್ಲಿ, ಹಳ್ಳಿ ಆಸ್ಪತ್ರೆಯ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸೋದು, ಔಷಧ ಕೊಡೋದು ಕಲಿಸಿ ನೋಡಿದರು. ಅದಕ್ಕೆ ಬಳ್ಳಾರಿ ಮಾದರಿ ಅಂತಲೇ ಹೆಸರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅದನ್ನು ನೋಡಿಕೊಂಡೇ ಕಟ್ಟಿದ್ದು. ಇತಿಹಾಸ ಪಾಠ ಮಾಡೋ ನನಗೇ ಇದು ಎಷ್ಟೋ ವರ್ಷ ಗೊತ್ತಿರಲಿಲ್ಲ, ನಮ್ಮ ಮಕ್ಕಳಿಗಂತೂ ಯಾರೂ ಹೇಳಲ್ಲ. ಬಳ್ಳಾರಿ ಅಂದರೆ ಗಣಿ, ಜೀನ್ಸು, ಬಿಸಿಲು ಅಷ್ಟೇ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ತಂಡಕ್ಕೆ ಕಾಲೇಜಿನಿಂದ ಒಂದು ಪತ್ರ ಕೊಟ್ಟು ಹತ್ತು ವಾರಕ್ಕೆ ಒಬ್ಬರನ್ನು ಕಳಿಸಿ ಅಂತ ಕೇಳಬಹುದು. ಸಿಗದೇ ಇರಬಹುದು, ಆದರೆ ಕೇಳೋಕೆ ಏನು ಕಷ್ಟ?

ಅಲ್ಲಿವರೆಗೆ ಏನು ಮಾಡೋದು ಅಂದರೆ, ಮೂರು ನಾಲ್ಕು ಜನ ಸೇರಿ ಬರೀ ಓಡಿ. ಅದನ್ನು ಚಿಕಿತ್ಸೆ ಅಂತ ಕರೆಯಬೇಡಿ, ಯಾರನ್ನೂ ಕೆದಕಬೇಡಿ, ಬರದವನ ರೂಮಿಗೆ ಹೋಗಿ ಯಾಕೆ ಬರಲಿಲ್ಲ ಅಂತ ಮಾತ್ರ ಕೇಳಿ. ದಿನ, ಹೊತ್ತು ಗಟ್ಟಿ ಮಾಡಿಕೊಳ್ಳಿ, ನಾಯಿಗಳಿರೋ ಕಡೆ ಒಂಟಿಯಾಗಿ ಹೋಗಬೇಡಿ. ಗ್ರೌಂಡಿನ ಬೀಗದ ಕೈ ಯಾರ ಹತ್ತಿರ ಇರುತ್ತೆ ಅಂತ ಹಿಂದಿನ ದಿನವೇ ವಿಚಾರಿಸಿಟ್ಟುಕೊಳ್ಳಿ. ನಮ್ಮ ಮೊದಲ ಬೆಳಿಗ್ಗೆಯ ಅರ್ಧ ಓಟ ನಡೆದಿದ್ದು ವಾಚ್‌ಮನ್ ತಾತನನ್ನು ಹುಡುಕಿಕೊಂಡು ಬೀದಿ ಬೀದಿಯಲ್ಲೇ.